ದೊಡ್ಡಳಿಯನ ಮುಂಗಡ ಮಾತ್ರೆ

ರವೀಂದ್ರನಗರದ ತ್ರಿವಿಕ್ರಮ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು ಬಂದ ಸಂಜೆಯೇ ಒಂದು ಡಬ್ಬಿ ಕೋಡುಬಳೆಯನ್ನು ಕಟಕಟನೆ ಕಡಿದು ಮುಗಿಸಿದ, ನೋವೆಂಬುದು ಅವನ ಹತ್ತಿರವೂ ಸುಳಿಯಲಿಲ್ಲ ಎಂಬ ಸುದ್ದಿ ಶಿವಮೊಗ್ಗದಲ್ಲಿ ಹುಟ್ಟಿತು. ಭದ್ರಾವತಿಯನ್ನು ಮುಟ್ಟುವಷ್ಟರಲ್ಲಿ ಅದಕ್ಕೊಂದು ಬಾಲವೂ ಬೆಳೆಯಿತು: ಮರಗಟ್ಟಿಸುವ ಇಂಜೆಕ್ಷನ್ ಕೂಡ ಅವನು ಬೇಡವೆಂದನಂತೆ. (ಎರಡು ಊರುಗಳ ನಡುವೆ ಸುದ್ದಿಯೊಂದು ಮೈ ತುಂಬಿಕೊಳ್ಳಲು ಬೇಕಾಗುವಷ್ಟು ದೂರ ಇದೆ, ತಾನು ಯಾರ ಮನೆಯ ಸುದ್ದಿಯೆಂದು ಮರೆಯುವಷ್ಟಿಲ್ಲ.)

ಇದನ್ನು ತಿದ್ದಲೇಬೇಕು. ಅವನು ತಿಂದದ್ದು ಡಬ್ಬಿಯಲ್ಲ, ಒಂದೂವರೆ ಕೋಡುಬಳೆ. ಇಂಜೆಕ್ಷನ್ನನ್ನು ಅವನು ನಿರಾಕರಿಸಲಿಲ್ಲ. ಇನ್ನೊಂದು ಕೊಡುವುದಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿದ್ದ. ಇನ್ನು ಧೈರ್ಯದ ಮಾತು. ಆ ಸಂಜೆ ಅವನ ದವಡೆಯನ್ನು ಆಡಿಸಿದ ಶಕ್ತಿಯನ್ನು ಧೈರ್ಯವೆಂದು ಕರೆಯುವುದು ಆ ಪದಕ್ಕೆ ಮಾಡುವ ಅವಮಾನ. ಅದು ಶುದ್ಧವಾದ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚು.

ತ್ರಿವಿಕ್ರಮ ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಕಲಿಸುವವನು. ಅಸೂಯೆಯೆಂಬುದು ಸಂಚಾರಿಭಾವ, ಅಲೆಯ ಹಾಗೆ ಎದ್ದು ಅಲೆಯ ಹಾಗೆ ಅಡಗತಕ್ಕದ್ದು ಎಂದು ಪ್ರತಿವರ್ಷ ತಪ್ಪದೆ ಪಾಠ ಹೇಳುತ್ತಾನೆ. ಆದರೆ ಅವನ ಎದೆಯಲ್ಲಿ ಅದು ಮದುವೆಯಾದ ಎರಡನೆಯ ವರ್ಷಕ್ಕೆ ಸಂಚಾರ ನಿಲ್ಲಿಸಿ, ಸಂಸಾರ ಹೂಡಿ ಕುಳಿತುಬಿಟ್ಟಿತ್ತು. ಅದಕ್ಕೆ ಕಾರಣನಾದ ಮಹಾನುಭಾವ ವಿಷ್ಣುಪ್ರಸಾದ. ಭದ್ರಾವತಿಯ ಸಹಕಾರಿ ಬ್ಯಾಂಕೊಂದರಲ್ಲಿ ಮ್ಯಾನೇಜರು. ತ್ರಿವಿಕ್ರಮನ ಹೆಂಡತಿ ಶರಾವತಿಯ ತಂಗಿ ಕುಮುದ್ವತಿಯ ಗಂಡ. ಅಂದರೆ ಷಡ್ಡಕ. (ಮಾವನವರು ನೀರಾವರಿ ಇಲಾಖೆಯಲ್ಲಿದ್ದವರಾದ್ದರಿಂದ ಹೆಣ್ಣುಮಕ್ಕಳಿಬ್ಬರಿಗೂ ಜಿಲ್ಲೆಯ ನದಿಗಳ ಹೆಸರಿಟ್ಟಿದ್ದರು. ಅಣೆಕಟ್ಟು ಕಟ್ಟುವ ಕೆಲಸವನ್ನು ಅಳಿಯಂದಿರಿಗೆ ಬಿಟ್ಟು ಹೋದರು.)

ವಿಷ್ಣುಪ್ರಸಾದನ ಸಂಬಳದ ಮೇಲಾಗಲಿ ಕಾರಿನ ಮೇಲಾಗಲಿ ತ್ರಿವಿಕ್ರಮನಿಗೆ ಕಣ್ಣಿರಲಿಲ್ಲ. ಅವನ ಕಣ್ಣಿದ್ದದ್ದು ಗಸಗಸೆ ಪಾಯಸದ ಮೇಲೆ.

ಭದ್ರಾವತಿಯಲ್ಲೇ ಇರುವ ಅತ್ತೆ ಸೀತಮ್ಮನವರ ತೌರಿನಿಂದ ಬಂದ ಒಂದು ಪದ್ಧತಿ ಇದೆ. ಅಳಿಯನಾದವನು ಹಾಸಿಗೆ ಹಿಡಿದರೆ ಅತ್ತೆ ತಾನೇ ಹೋಗಬೇಕು. ಗಸಗಸೆಯನ್ನು ಹದವಾಗಿ ಹುರಿದು, ಕಾಯಿಯ ಜತೆ ನುಣ್ಣಗೆ ರುಬ್ಬಿ, ಬೆಲ್ಲ ಏಲಕ್ಕಿ ಬೆರೆಸಿ, ತನ್ನ ಕೈಯಾರೆ ಪಾಯಸ ಮಾಡಿ ಕುಡಿಸಬೇಕು. ಹಬ್ಬಕ್ಕೆ ಆ ಪಾಯಸ ಮಾಡುವಂತಿಲ್ಲ. ಮಗಳು ಮಾಡುವಂತಿಲ್ಲ. ಆರೋಗ್ಯವಾಗಿರುವವನಿಗೆ ಕೊಡುವಂತಿಲ್ಲ, ಕೊಟ್ಟರೆ ಅದು ಕಾಯಿಲೆಯನ್ನು ಮನೆಗೆ ಕರೆದಂತೆ. ವಿಷ್ಣುಪ್ರಸಾದ ಈ ಪಾಯಸವನ್ನು ಚಿಕೂನ್‌ಗುನ್ಯಕ್ಕೆ ಕುಡಿದಿದ್ದ, ಮೂತ್ರಪಿಂಡದ ಕಲ್ಲಿಗೆ ಕುಡಿದಿದ್ದ, ಸ್ಕೂಟರಿನಿಂದ ಬಿದ್ದು ಮಂಡಿ ತರಚಿದ್ದಕ್ಕೂ ಕುಡಿದಿದ್ದ. ತ್ರಿವಿಕ್ರಮ ಒಂದು ಸಲವೂ ಕುಡಿದಿರಲಿಲ್ಲ. ಆರೋಗ್ಯವೇ ಅವನ ದೌರ್ಭಾಗ್ಯ. ಬೆಳಿಗ್ಗೆ ಹಿಡಿದ ನೆಗಡಿ, ಭದ್ರಾವತಿಗೆ ಫೋನು ಮಾಡೋಣವೆಂದುಕೊಳ್ಳುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು.

ಹೀಗಿರುವಾಗ ಹೋದ ವರ್ಷ ವಿಷ್ಣುಪ್ರಸಾದನಿಗೆ ಭದ್ರಾವತಿಯಲ್ಲಿ ರೂಟ್ ಕೆನಾಲ್ ಆಯಿತು. ಆದಮೇಲೆ ಅಸಾಧ್ಯ ನೋವು. ಸೀತಮ್ಮನವರು ಗಸಗಸೆ ಕಟ್ಟಿಕೊಂಡು ಮಗಳ ಮನೆಗೆ ಧಾವಿಸಿದರು. ಪಕ್ಕದ ಮನೆಯ ತಮಿಳು ಮಾಮಿ ಮೆಣಸಿನ ರಸಂ ಕಳಿಸಿದರು. ಶರಾವತಿಯೂ ಗಂಡನಿಗೊಂದು ಪಾತ್ರೆ ಹುಳಿ ಮಾಡಿಟ್ಟು ಬಸ್ಸು ಹತ್ತಿದಳು. ಮೂರು ದಿನ ಬಿಟ್ಟು ಬಂದವಳ ಬಾಯಲ್ಲಿ ಬೇರೆ ಮಾತಿಲ್ಲ.

"ಕೆನ್ನೆ ಇಷ್ಟು ದಪ್ಪ ಆಗಿತ್ತು ಕಣ್ರೀ, ಪಾಪ. ಆದ್ರೂ ಒಂದೇ ಒಂದು ಮಾತಾಡ್ಲಿಲ್ಲ. ಕೈಸನ್ನೆಯಲ್ಲೇ ಇನ್ನೊಂದು ಲೋಟ ಪಾಯಸ ಕೇಳೋರು. ಎಂಥ ತಾಳ್ಮೆ ಅಂತೀರಿ!"

"ಬಾಯಿ ಊದ್ಕೊಂಡಿದ್ರೆ ಯಾರು ತಾನೆ ಮಾತಾಡ್ತಾರೆ ಮಾರಾಯ್ತಿ? ಅದು ತಾಳ್ಮೆ ಅಲ್ಲ, ಅಂಗರಚನೆ."

"ನಿಮಗೆಲ್ಲಿ ಅರ್ಥ ಆಗ್ಬೇಕು! ಹುಟ್ಟಿದಾಗಿಂದ ಒಂದು ನೋವು ಅಂತ ಬಂದಿದ್ರೆ ತಾನೆ?"

"ಮೂರು ದಿನ ಅದೇ ಹುಳಿ ಬಿಸಿ ಮಾಡ್ಕೊಂಡು ತಿಂದೆನಲ್ಲ, ಅದನ್ನ ಏನಂತ ಕರೀತೀಯ?"

"ಸೋಮಾರಿತನ ಅಂತೀನಿ. ಫ್ರಿಜ್ಜಲ್ಲಿ ದೋಸೆಹಿಟ್ಟಿತ್ತು."

ತ್ರಿವಿಕ್ರಮ ಕಿಟಕಿಯ ಕಡೆ ತಿರುಗಿ, ತನಗೆ ಸಂಬಂಧಪಡದ ವಿಷಯವೆಂಬಂತೆ ಕೇಳಿದ: "ಅಷ್ಟೊಂದು ಪಾಯಸ ಮಾಡಿದ್ರಲ್ಲ, ಒಂದು ಲೋಟ ಡಬ್ಬಿಗೆ ಹಾಕ್ಕೊಂಡು ಬರಬಹುದಿತ್ತೇನೋ."

"ಕಲ್ಲುಗುಂಡಿನ ಹಾಗಿದ್ದೀರ, ನಿಮಗ್ಯಾಕ್ರೀ ಅದು? ಅಮ್ಮ ಕೇಳಿಸಿಕೊಂಡ್ರೆ ಬೈತಾಳೆ!"

ಸಕ್ರೆಬೈಲಿನ ಬಿಡಾರದಲ್ಲಿ ಆನೆಗೆ ಹುಷಾರು ತಪ್ಪಿದರೆ ಅದಕ್ಕೂ ಬೆಲ್ಲದ ಮುದ್ದೆ ಸಿಗುತ್ತದೆ. ತನಗೆ ಅಷ್ಟೂ ಇಲ್ಲವಲ್ಲ ಎಂದು ಅವನು ಒಳಗೊಳಗೇ ಕುದಿದ. ಒಂದು ಸಲ, ಒಂದೇ ಒಂದು ಸಲ ಅತ್ತೆಯೂ ಹೆಂಡತಿಯೂ ತನ್ನ ತಲೆದೆಸೆಯಲ್ಲಿ ನಿಂತು 'ಪಾಪ' ಎನ್ನಬೇಕು. ಆ ದೃಶ್ಯವನ್ನು ವಿಷ್ಣುಪ್ರಸಾದ ಖಾಲಿ ಲೋಟ ಹಿಡಿದು ನೋಡಬೇಕು. ಇದಿಷ್ಟೇ ಅವನ ಜೀವನದ ಆಸೆಯಾಗಿ ಉಳಿಯಿತು.

ಆದ್ದರಿಂದ ಈ ಸಲ ಗಣೇಶನ ಹಬ್ಬ ಕಳೆದು ಕೆಲವೇ ದಿನಕ್ಕೆ ಅವನ ಕೆಳದವಡೆಯ ಹಲ್ಲೊಂದು ಚುಳುಕ್ಕೆಂದಾಗ ತ್ರಿವಿಕ್ರಮ ಹಾಸಿಗೆಯ ಮೇಲೆ ಎದ್ದು ಕುಳಿತು ಮುಗುಳ್ನಕ್ಕ. ಪುತ್ರೋತ್ಸವದ ವಾರ್ತೆ ತಿಳಿಸುವ ಗತ್ತಿನಲ್ಲಿ ಹೆಂಡತಿಗೆ ಹೇಳಿದ: "ಶರೂ, ನನಗೂ ಹಲ್ಲುನೋವು ಬಂದಿದೆ!"

ದಂತವೈದ್ಯೆ ಡಾಕ್ಟರ್ ಭೂಮಿಕಾ ಒಂದು ಕಾಲಕ್ಕೆ ಅವನ ಶಿಷ್ಯೆಯಾಗಿದ್ದವಳು. ಪಿಯುಸಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಬಾಯಿ ಮುಚ್ಚಿ ಆಕಳಿಸುತ್ತಿದ್ದ ಹುಡುಗಿ ಈಗ ಗುರುಗಳನ್ನು ಕುರ್ಚಿಯಲ್ಲಿ ಮಲಗಿಸಿ, "ಸರ್, ಇನ್ನೂ ದೊಡ್ಡದಾಗಿ ಬಾಯಿ ತೆಗೀರಿ" ಎಂದಳು. ಎಕ್ಸ್‌ರೇ ನೋಡಿದಳು.

"ರೂಟ್ ಕೆನಾಲೇ ಆಗ್ಬೇಕು ಸರ್."

"ಆಮೇಲೆ ನೋವು ಬರುತ್ತಾ?" ಕೇಳಿದವನ ದನಿಯಲ್ಲಿ ಆಸೆಯಿತ್ತು. ಭೂಮಿಕಾ ಅದನ್ನು ಭಯವೆಂದು ತಿಳಿದಳು.

"ಹೆದರ್ಕೋಬೇಡಿ ಸರ್. ಮಾಡುವಾಗ ಇಂಜೆಕ್ಷನ್ ಇರುತ್ತೆ, ಗೊತ್ತಾಗಲ್ಲ. ಅದು ಇಳಿದ ಮೇಲೆ ಬರೋ ನೋವಿದೆಯಲ್ಲ, ಅದಕ್ಕೂ ಈಗ ಮುಂಚೆನೇ ವ್ಯವಸ್ಥೆ ಮಾಡ್ತೀವಿ. ಇಲ್ಲಿಗೆ ಬರೋಕೆ ಒಂದು ಗಂಟೆ ಮೊದಲು, ತಿಂಡಿ ತಿಂದು ಈ ಮಾತ್ರೆ ತಗೊಂಡ್ಬಿಡಿ. ನೋವು, ಊತ ಶುರುವಾಗೋ ಹೊತ್ತಿಗೆ ಔಷಧಿ ಆಗಲೇ ಮೈಯಲ್ಲಿ ಇರುತ್ತೆ. ಬಂದ ಮೇಲೆ ಓಡಿಸೋಕಿಂತ ಬರೋ ಮುಂಚೆ ಬಾಗಿಲು ಹಾಕೋದು ಸುಲಭ ಅಲ್ವಾ ಸರ್?"

"ಹಾಗಾದ್ರೆ... ನೋವೇ ಇರಲ್ವಾ?"

"ಎಲ್ಲರಿಗೂ ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ. ಆದರೆ ತುಂಬಾ ಜನಕ್ಕೆ ಬಹಳ ಕಡಿಮೆ ಆಗುತ್ತೆ. ಮಾತ್ರೆ ಎಲ್ಲರಿಗೂ ಆಗಿಬರಲ್ಲ ಸರ್, ಅದಕ್ಕೇ ಕೇಳ್ತೀನಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ, ಅಲರ್ಜಿ, ಇವು ಯಾವುದಾದ್ರೂ ಇದೆಯಾ?"

ತ್ರಿವಿಕ್ರಮನ ಕಣ್ಣು ಮಿಂಚಿತು. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದು ಅವನು ಯೋಚಿಸುತ್ತಿರುವಾಗಲೇ ಪಕ್ಕದಲ್ಲಿ ನಿಂತಿದ್ದ ಶರಾವತಿ ಉತ್ತರ ಕೊಟ್ಟಾಗಿತ್ತು: "ಒಂದೂ ಇಲ್ಲ ಡಾಕ್ಟ್ರೇ. ಹೋದ ತಿಂಗಳು ತಾನೇ ಎಲ್ಲ ಟೆಸ್ಟು ಮಾಡ್ಸಿದ್ದೀವಿ. ರಿಪೋರ್ಟು ನೋಡಿದ ಡಾಕ್ಟ್ರೇ ಹೊಟ್ಟೆ ಉರ್ಕೊಂಡ್ರು, ಅಷ್ಟು ಚೆನ್ನಾಗಿದೆ ಇವರ ಆರೋಗ್ಯ."

ಮನೆಗೆ ಬಂದ ತ್ರಿವಿಕ್ರಮ ಸಮಸ್ಯೆಯನ್ನು ತಾತ್ವಿಕವಾಗಿ ಪರಿಶೀಲಿಸಿದ. ಮಾತ್ರೆ ನುಂಗಿದರೆ ನೋವಿಲ್ಲ. ನೋವಿಲ್ಲದಿದ್ದರೆ ಪಾಪವೆನ್ನುವವರಿಲ್ಲ. ಪಾಪವೆನ್ನದವರು ಗಸಗಸೆ ಹುರಿಯುವುದಿಲ್ಲ. ಇಷ್ಟು ವರ್ಷಗಳ ತಪಸ್ಸಿಗೆ ಪ್ರತ್ಯಕ್ಷವಾಗುತ್ತಿರುವ ದೇವತೆಯನ್ನು ಒಂದು ಬಿಳಿ ಗುಳಿಗೆ ಹೊಸ್ತಿಲಲ್ಲೇ ತಡೆದು ನಿಲ್ಲಿಸುವುದೆಂದರೇನು! ಅದೇ ಸಂಜೆ ಅವನು ಗಾಂಧಿ ಬಜಾರಿಗೆ ಹೋಗಿ ಕಾಲು ಕೆಜಿ ಗಸಗಸೆ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟ.

"ಇದ್ಯಾಕ್ರೀ ತಂದ್ರಿ?"

"ಫ್ರೆಶ್ಶಾಗಿತ್ತು."

"ಗಸಗಸೆ ಏನು ಬೆಂಡೆಕಾಯೇನ್ರೀ, ಫ್ರೆಶ್ಶಾಗಿರೋಕೆ?"

"ಅತ್ತೆಗೆ ವಿಷಯ ತಿಳಿಸಿದ್ಯಾ?" ಎಂದು ಅವನು ಮಾತು ತಿರುಗಿಸಿದ.

"ಹೇಳಿದೆ. ನಾಡಿದ್ದು ಮಧ್ಯಾಹ್ನ ವಿಷ್ಣು ಕಾರಲ್ಲಿ ಎಲ್ಲಾ ಬರ್ತಾರಂತೆ. ಯಾವುದಕ್ಕೂ ಇರಲಿ ಅಂತ ಪಾಯಸ ಮಾಡ್ಕೊಂಡೇ ತರ್ತಾಳಂತೆ ಅಮ್ಮ."

ಆ ರಾತ್ರಿ ತ್ರಿವಿಕ್ರಮ ಹಲ್ಲುನೋವಿನಲ್ಲೂ ಗಾಢವಾಗಿ ನಿದ್ರಿಸಿದ.

ಚಿಕಿತ್ಸೆಯ ದಿನ ಉಪ್ಪಿಟ್ಟು ತಿಂದ ಕೂಡಲೇ ಶರಾವತಿ ಮಾತ್ರೆಯನ್ನು ಅವನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು ಎದುರಿಗೇ ನಿಂತಳು. ಅಷ್ಟರಲ್ಲಿ ಭದ್ರಾವತಿಯಿಂದ ಫೋನು ಬಂತು. ಅವಳು ಆ ಕಡೆ ತಿರುಗಿದ್ದೇ ತಡ, ತ್ರಿವಿಕ್ರಮ ಕೈತೊಳೆಯುವ ಬೇಸಿನ್ನಿಗೆ ಹೋಗಿ ಮಾತ್ರೆಯನ್ನು ಅದರ ತೂತಿಗೆ ಬಿಟ್ಟು, ಹಿಂದೆಯೇ ನೀರು ಬಿಟ್ಟ.

"ನುಂಗಿದ್ರಾ?"

"ಹೋಯ್ತು," ಎಂದ. (ಹೋದದ್ದು ಹೌದು. ಯಾವ ದಾರಿಯಿಂದ ಎಂದು ಅವಳು ಕೇಳಲಿಲ್ಲ.)

ಮೊದಲ ದಿನದ ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. "ಮಾತ್ರೆ ತಗೊಂಡಿದ್ರು ತಾನೆ?" ಎಂದು ಭೂಮಿಕಾ ಕೇಳಿದಾಗ ಶರಾವತಿಯೇ "ನಾನೇ ಕೈಯಾರೆ ಕೊಟ್ಟೆ" ಎಂದಳು. ನೋವು ಬಂದರೆ ಸಂಜೆಗೆ ಇನ್ನೊಂದು ತೆಗೆದುಕೊಳ್ಳಲಿ ಎಂದು ಭೂಮಿಕಾ ಕೊಟ್ಟ ಮಾತ್ರೆಯೂ ಶರಾವತಿಯ ಕೈಚೀಲ ಸೇರಿತು. ಆ ಪಕ್ಕದಲ್ಲಿ ಗಟ್ಟಿ ಪದಾರ್ಥ ಜಗಿಯಬಾರದೆಂಬ ಎಚ್ಚರಿಕೆಯೂ ಸಿಕ್ಕಿತು. ಆಟೋದಲ್ಲಿ ಕುಳಿತಾಗ ತ್ರಿವಿಕ್ರಮನ ಅರ್ಧ ಮುಖ ಅವನದಾಗಿರಲಿಲ್ಲ. ತುಟಿ ಎಲ್ಲಿ ಮುಗಿದು ಗಲ್ಲ ಎಲ್ಲಿ ಶುರುವಾಗುತ್ತದೆಂದು ಮುಟ್ಟಿ ನೋಡಿಕೊಳ್ಳಬೇಕಾಗಿತ್ತು.

"ನೋವಿದೆಯೇನ್ರೀ?"

'ಈಗಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಬಂದೇ ಬರುತ್ತದೆ, ನೋಡುತ್ತಿರು' ಎನ್ನುವುದು ಅವನ ಇರಾದೆ. ಬಾಯಿಂದ ಬಂದದ್ದು "ಬಬ್ಬ" ಎಂಬಂಥ ಶಬ್ದ. ತಾಳು ಎನ್ನುವಂತೆ ಕೈಯಾಡಿಸಿದ. ಇಲ್ಲವೇ ಇಲ್ಲ ಎನ್ನುತ್ತಿದ್ದಾನೆಂದು ಶರಾವತಿ ತಿಳಿದಳು. ಅವಳ ಮುಖ ಅರಳಿತು. ಆಟೋ ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಅವಳ ದನಿ ಮೊಳಗುತ್ತಿತ್ತು: "ಅಮ್ಮಾ, ಇವ್ರಿಗೆ ನೋವೇ ಇಲ್ಲ! ಹೌದು, ಒಂಚೂರೂ ಇಲ್ವಂತೆ! ಮುಂಚೆನೇ ಮಾತ್ರೆ ತಗೊಂಡಿದ್ರಲ್ಲ! ಕುಮುದಾಗೂ ಹೇಳು. ವಿಷ್ಣುಗೂ ಹೇಳು!"

ಮಧ್ಯಾಹ್ನದ ಕಾಫಿಯ ಹೊತ್ತಿಗೆ ಭದ್ರಾವತಿಯ ಪರಿವಾರ ಬಂದಿಳಿಯಿತು. ಸೀತಮ್ಮನವರ ಕೈಯಲ್ಲಿ ಪಾಯಸದ ಸ್ಟೀಲ್ ಕ್ಯಾರಿಯರ್, ಕುಮುದ್ವತಿಯ ಕೈಯಲ್ಲಿ ಕೋಡುಬಳೆಯ ಡಬ್ಬಿ, ವಿಷ್ಣುಪ್ರಸಾದನ ಕೈಯಲ್ಲಿ ಕಾರಿನ ಕೀಲಿ. ಸರಿಯಾಗಿ ಅದೇ ಹೊತ್ತಿಗೆ ಇಂಜೆಕ್ಷನ್ನಿನ ಪ್ರಭಾವವೂ ಇಳಿಯತೊಡಗಿತು. ಮೊದಲು ತುಟಿ ಮರಳಿ ಬಂತು. ಆಮೇಲೆ ಗಲ್ಲ. ಅದರ ಹಿಂದೆ ನೋವು. ಅದು ತ್ರಿವಿಕ್ರಮ ಕಲ್ಪಿಸಿಕೊಂಡಿದ್ದಂಥ ಕಾವ್ಯಾತ್ಮಕ ನೋವಾಗಿರಲಿಲ್ಲ. ದವಡೆಯೊಳಗೆ ಯಾರೋ ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯಲು ಕುಳಿತಂತಿತ್ತು. ಒಂದೊಂದು ಅಡಿಕೆಗೂ ಕಿವಿಯೊಳಗೆ ಕಿಡಿ ಹಾರುತ್ತಿತ್ತು.

ಬಂತು, ಆ ಮಹಾಮುಹೂರ್ತ ಬಂತು ಎಂದು ಅವನು ಸೋಫಾದ ಮೇಲೆ ಒರಗಿ, ಕೆನ್ನೆಗೆ ಕೈಯಿಡಲು ಹೊರಟ.

"ಅತ್ತೆ, ನಿಜ ಹೇಳ್ಬೇಕು ಅಂದ್ರೆ..."

"ನಿಜಾನ ನಾನೇ ಹೇಳ್ತೀನಿ," ಎಂದರು ಸೀತಮ್ಮ, ಕುಳಿತುಕೊಳ್ಳುವುದಕ್ಕೂ ಮೊದಲು. "ನಮ್ಮನೇಲಿ ಬುದ್ಧಿ ಅಂತ ಯಾರಿಗಾದ್ರೂ ಇದ್ರೆ ಅದು ದೊಡ್ಡಳಿಯಂದಿರಿಗೆ. ವಿಷ್ಣುಗೂ ಡಾಕ್ಟ್ರು ಹೀಗೇ ಮುಂಚೆ ತಗೊಳ್ಳಿ ಅಂತ ಮಾತ್ರೆ ಕೊಟ್ಟಿದ್ರಂತೆ. ಇಷ್ಟು ದಿನ ಬಾಯೇ ಬಿಟ್ಟಿರ್ಲಿಲ್ಲ. ಇವತ್ತು ಕಾರಲ್ಲಿ ಹೇಳ್ತಾರೆ, ನೋವು ಬಂದ್ಮೇಲೆ ನೋಡೋಣ ಅಂತ ಸುಮ್ಮನಿದ್ದೆ ಅಂತ! ನಾವು ಇದೇನು ಬಂತಪ್ಪಾ ಗ್ರಹಚಾರ ಅಂತ ರಾತ್ರಿಯೆಲ್ಲ ಒದ್ದಾಡಿದ್ದು!"

"ಭಾವನ್ನ ನೋಡಿ ಕಲೀರಿ ಅಂದೆ ನಾನು," ಎಂದಳು ಕುಮುದ್ವತಿ. ವಿಷ್ಣುಪ್ರಸಾದ ತಲೆ ತಗ್ಗಿಸಿ ಕಾರಿನ ಕೀಲಿಯನ್ನು ತಿರುಗಿಸುತ್ತ ನಿಂತ.

"ಇವ್ರು ಹಾಗಲ್ಲಪ್ಪ," ಎಂದಳು ಶರಾವತಿ. "ಡಾಕ್ಟ್ರು ಹೇಳಿದ್ರೆ ಮುಗೀತು." ಹೀಗೆಂದು ಅವಳು ಗಂಡನ ಕಡೆ ನೋಡಿದ ನೋಟವಿದೆಯಲ್ಲ, ಅಂಥದನ್ನು ತ್ರಿವಿಕ್ರಮ ತನ್ನ ಡಾಕ್ಟರೇಟ್ ಬಂದ ದಿನವೂ ಪಡೆದಿರಲಿಲ್ಲ. (ಆ ದಿನ ವಿಷ್ಣುಪ್ರಸಾದನಿಗೆ ವೈರಲ್ ಜ್ವರ.)

ತ್ರಿವಿಕ್ರಮನ ಕೈ ಕೆನ್ನೆಯ ಹತ್ತಿರಕ್ಕೆ ಹೋದದ್ದು ಅಲ್ಲೇ ನಿಂತಿತು. ಒಂದು ಕಡೆ ಕರುಣೆ, ಒಂದು ಕಡೆ ಕೀರ್ತಿ. ನೋವೆಂದರೆ ಪಾಯಸ ಸಿಗುತ್ತದೆ. ಆದರೆ ಮಾತ್ರೆಯ ಗುಟ್ಟು ಬಯಲಾಗಿ ತಾನೂ ವಿಷ್ಣುಪ್ರಸಾದನ ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ನೋವಿಲ್ಲವೆಂದರೆ ಜೀವಮಾನದಲ್ಲಿ ಮೊದಲ ಸಲ ಷಡ್ಡಕನಿಗಿಂತ ಒಂದು ಮೆಟ್ಟಿಲು ಮೇಲೆ. ಅವನ ಕೈ ಕೆನ್ನೆಯನ್ನು ಬಿಟ್ಟು, ಏನೂ ಆಗಿಲ್ಲವೆಂಬಂತೆ ಕನ್ನಡಕವನ್ನು ಸರಿಪಡಿಸಿತು.

"ಹಾಗಾದ್ರೆ... ಪಾಯಸ?" ಎಂದು ಮಾತ್ರ ಕೇಳಿದ, ತಡೆಯಲಾರದೆ.

"ನಿಮಗ್ಯಾಕೆ, ನೋವೇ ಇಲ್ಲವಲ್ಲ! ವಿಷ್ಣು ಕುಡೀಲಿ. ಅವ್ರಿಗೆ ತಣ್ಣೀರು ಕುಡಿದ್ರೆ ಇನ್ನೂ ಜುಂ ಅನ್ನುತ್ತಂತೆ," ಎಂದು ಸೀತಮ್ಮನವರು ಲೋಟದ ತುಂಬ ಬಗ್ಗಿಸಿ ಚಿಕ್ಕಳಿಯನ ಮುಂದೆ ಹಿಡಿದರು. ಏಲಕ್ಕಿಯ ಪರಿಮಳ ತ್ರಿವಿಕ್ರಮನ ಮೂಗಿನ ಮುಂದೆಯೇ ಹಾದು ಭದ್ರಾವತಿಯ ಪಾಲಾಯಿತು.

ಎರಡು ಗುಟುಕು ಒಳಗೆ ಹೋದಮೇಲೆ ವಿಷ್ಣುಪ್ರಸಾದನಿಗೂ ಸ್ವಲ್ಪ ಧೈರ್ಯ ಬಂತು. "ಅಲ್ಲ ಭಾವ, ನಿಜವಾಗ್ಲೂ ನೋವಿಲ್ವಾ? ನಾನಾಗಿದ್ರೆ ಈ ಹೊತ್ತಿಗೆ ಗೋಡೆ ಹತ್ತುತ್ತಿದ್ದೆ. ಎಲ್ಲಿ, ಒಂದು ಕೋಡುಬಳೆ ತಿನ್ನಿ ನೋಡೋಣ."

"ಬೇಡ ಬೇಡ, ಡಾಕ್ಟ್ರು ಗಟ್ಟಿ ತಿನ್ಬೇಡಿ ಅಂದಿದ್ದಾರೆ," ಎಂದಳು ಶರಾವತಿ.

"ಆ ಕಡೆ ಬೇಡ ಅಂದಿರೋದು," ಎಂದ ತ್ರಿವಿಕ್ರಮ. "ನನಗೆ ಈ ಕಡೆನೂ ಹಲ್ಲಿದೆ." ಡಬ್ಬಿಗೆ ಕೈಹಾಕಿದ.

ಕುಮುದ್ವತಿಯ ಕೋಡುಬಳೆಗಳು ಮೃದುತ್ವಕ್ಕೆ ಹೆಸರಾದವಲ್ಲ. ಒಳ್ಳೆಯ ಪಕ್ಕದಲ್ಲೇ ಕಡಿದ. ಆದರೆ ದವಡೆಯೆಂಬುದು ಅವಿಭಕ್ತ ಕುಟುಂಬ. ಒಬ್ಬನ ಮನೆಯ ಗಲಾಟೆ ಇನ್ನೊಬ್ಬನ ಮನೆಗೆ ಕೇಳಿಸದೆ ಇರುವುದಿಲ್ಲ. ಮೊದಲನೆಯ ತುಂಡಿಗೆ ಅವನ ಕಣ್ಣ ಮುಂದೆ ಜೋಗದ ನೀರು ಬೆಳ್ಳಗೆ ಧುಮುಕಿತು. ಎರಡನೆಯದಕ್ಕೆ ಕಿವಿ ಗುಂಯ್ಗುಟ್ಟಿತು. "ತುಂಬಾ... ಗರಿಗರಿ... ಆಗಿದೆ... ಕುಮುದಾ," ಎಂದ, ಒಂದೊಂದು ಪದಕ್ಕೂ ಬಿಡುವು ಕೊಟ್ಟು.

ಒಂದು ಕೋಡುಬಳೆ ಮುಗಿಯಿತು. ವಿಷ್ಣುಪ್ರಸಾದ ಇನ್ನೂ ನೋಡುತ್ತಲೇ ಇದ್ದ. ತ್ರಿವಿಕ್ರಮ ಇನ್ನೊಂದಕ್ಕೆ ಕೈಹಾಕಿದ.

ಸೋತ ವಿಷ್ಣುಪ್ರಸಾದ ಲೋಟವನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟ. "ನೀವು ಪುಣ್ಯವಂತರು ಭಾವ. ನಾನು ಪಟ್ಟ ಪಾಡು ಶತ್ರುವಿಗೂ ಬೇಡ," ಎಂದು ತನ್ನ ಹಲ್ಲಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಮಲಗಿದರೆ ನೋವು, ಎದ್ದರೆ ನೋವು, ಫ್ಯಾನಿನ ಗಾಳಿ ತಗುಲಿದರೂ ನೋವು. ತ್ರಿವಿಕ್ರಮ ಬಾಯಲ್ಲಿ ಅರ್ಧ ಕೋಡುಬಳೆ ಇಟ್ಟುಕೊಂಡು ಕೇಳುತ್ತಿದ್ದ. ಷಡ್ಡಕ ಹೇಳಿದ ಪ್ರತಿಯೊಂದು ಅಕ್ಷರವೂ ನಿಜವೆಂದು ಈಗ ಅವನಿಗೆ ಗೊತ್ತಾಗುತ್ತಿತ್ತು. "ಕಿವಿ ಒಳಗಿಂದ ಯಾರೋ ತಂತಿ ಎಳೆದಂಗೆ ಆಗೋದು ಭಾವ," ಎಂದು ವಿಷ್ಣುಪ್ರಸಾದ ಹೇಳುವುದಕ್ಕೂ ತ್ರಿವಿಕ್ರಮನ ಕಿವಿಯೊಳಗೆ ಯಾರೋ ತಂತಿ ಎಳೆಯುವುದಕ್ಕೂ ಸರಿಹೋಯಿತು. ಎರಡು ಕಣ್ಣುಗಳಿಂದಲೂ ನೀರು ಧಾರೆಯಾಗಿ ಇಳಿಯಿತು.

ಎಲ್ಲರೂ ಅವನ ಕಡೆ ತಿರುಗಿದರು.

"ನೋಡೇ ಶರೂ," ಎಂದರು ಸೀತಮ್ಮ, ಸೆರಗಿನಿಂದ ತಮ್ಮ ಕಣ್ಣೊರೆಸಿಕೊಳ್ಳುತ್ತ. "ಷಡ್ಡಕನ ನೋವು ಕೇಳಿ ಹೇಗೆ ಕರುಳು ಕರಗಿತು ನೋಡೇ. ತನಗೆ ಏನೂ ಇಲ್ದಿದ್ರೂ!"

ವಿಷ್ಣುಪ್ರಸಾದ ಎದ್ದು ನಿಂತ. "ಭಾವ, ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಕ್ಷಮಿಸ್ಬಿಡಿ." ಹೀಗೆಂದು ಬಾಗಿ, ತ್ರಿವಿಕ್ರಮನನ್ನು ಬಿಗಿಯಾಗಿ ಅಪ್ಪಿಕೊಂಡು, ತನ್ನ ಕೆನ್ನೆಯನ್ನು ಅವನ ಕೆನ್ನೆಗೆ ಒತ್ತಿದ. ಚಿಕಿತ್ಸೆಯಾದ ಕೆನ್ನೆಗೇ ಒತ್ತಿದ. ತ್ರಿವಿಕ್ರಮ ಈಗ ಬಿಕ್ಕಿ ಬಿಕ್ಕಿ ಅತ್ತ. ಸೀತಮ್ಮ ಅತ್ತರು. ಅಕ್ಕತಂಗಿಯರಿಬ್ಬರೂ ಅತ್ತರು.

ಕಾರು ಹೊರಟು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ತ್ರಿವಿಕ್ರಮ ಗೋಡೆ ಹಿಡಿದುಕೊಂಡು ಒಳಗೆ ಬಂದ. "ಶರೂ, ಡಾಕ್ಟ್ರು ಕೊಟ್ಟ ಆ ಇನ್ನೊಂದು ಮಾತ್ರೆ ಕೊಡು."

"ಯಾಕ್ರೀ, ನೋವಾ?"

"ಇಲ್ಲ. ತಲೆನೋವು."

"ಅಷ್ಟೊಂದು ಅತ್ತರೆ ತಲೆ ನೋಯ್ದೆ ಇರುತ್ತಾ? ಅದಕ್ಕೆಲ್ಲ ಹಲ್ಲಿನ ಮಾತ್ರೆ ಯಾಕೆ? ಬನ್ನಿ, ಅಮೃತಾಂಜನ ಹಚ್ತೀನಿ," ಎಂದು ಅವಳು ಅವನ ಹಣೆಗೆ ಬಹಳ ಪ್ರೀತಿಯಿಂದ, ಬಹಳ ಹೊತ್ತು ಹಚ್ಚಿದಳು. ಅವಳು ಕೈತೊಳೆಯಲು ಹೋದಾಗ ಅವನು ಕೈಚೀಲಕ್ಕೆ ಕೈಹಾಕಿ ಮಾತ್ರೆಯನ್ನು ಹುಡುಕಿ ನುಂಗಿದ. ಬಂದ ಮೇಲೆ ಓಡಿಸುವುದು ಕಷ್ಟವೆಂದು ಭೂಮಿಕಾ ಹೇಳಿದ್ದಳಲ್ಲ, ಅದು ಎಷ್ಟು ಕಷ್ಟವೆಂದು ತಿಳಿಯಲು ಅವನಿಗೆ ಸಾಕಷ್ಟು ಸಮಯ ಸಿಕ್ಕಿತು.

ಈಗಿನ ಪರಿಸ್ಥಿತಿ ಇಷ್ಟು. ಎರಡನೆಯ ಸಲ ಹೋಗುವಾಗ ತ್ರಿವಿಕ್ರಮ ಮಾತ್ರೆಯನ್ನು ಒಂದು ಗಂಟೆ ಮೊದಲೇ ನುಂಗಿದ. ಆಮೇಲೆ ಸಣ್ಣ ಮಿಡಿತ ಬಿಟ್ಟರೆ ನೋವಾಗಲಿಲ್ಲ. ಹಲ್ಲಿಗೆ ಕ್ಯಾಪ್ ಕೂರಿಸಿದ್ದಾರೆ, ಚೆನ್ನಾಗಿದೆ. ವಿಷ್ಣುಪ್ರಸಾದ ಪ್ರತಿ ಭಾನುವಾರ ಭದ್ರಾವತಿಯಿಂದ ಬರುತ್ತಾನೆ, ತ್ರಿವಿಕ್ರಮನ ಪಕ್ಕದಲ್ಲಿ ಕುಳಿತು ತನ್ನ ಸೊಂಟ, ಮಂಡಿ, ಅಜೀರ್ಣ, ಎಲ್ಲವನ್ನೂ ವಿವರವಾಗಿ ಹೇಳುತ್ತಾನೆ. ತನ್ನ ನೋವಿಗೆ ಅಳುವವರು ಲೋಕದಲ್ಲಿ ಇವರೊಬ್ಬರೇ ಎಂದು ಅವನು ದೃಢವಾಗಿ ನಂಬಿದ್ದಾನೆ. ತ್ರಿವಿಕ್ರಮ ಊಟದ ಹೊತ್ತಿನವರೆಗೂ ಕೂತು ಕೇಳುತ್ತಾನೆ. ಷಡ್ಡಕರಿಬ್ಬರ ಸ್ನೇಹ ನೋಡಿ ಶರಾವತಿಗೆ ಬಹಳ ಸಂತೋಷವಾಗಿದೆ.